ಬಹಳ ಓದುವುದರ ಲಾಭ–ನಷ್ಟಗಳು

(ಕಲ್ಕತ್ತೆಯಲ್ಲಿ ನಡೆದ ನಮ್ಮ ಸಂಘದ ವಾಚನಾಲಯದ ವಾರ್ಷಿಕ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ಈ ದಿನ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿ ಕಳಿಸಿದಾಗ ನಾನು ಹಿಂಜರಿದೆ. ನಾನು ಭಾಷಣಕಾರನಲ್ಲ. 1977ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಈ ಊರಿಗೆ ಬಂದು ನಲವತ್ತು ವರ್ಷ ಹೋಟೆಲಿನಲ್ಲಿ ದುಡಿದವನು. ಮೊದಲು ತಟ್ಟೆ ಲೋಟ ಎತ್ತಿದೆ, ಆಮೇಲೆ ಸಪ್ಲಾಯರ್ ಆದೆ, ಕಡೆಯ ಹದಿನೈದು ವರ್ಷ ಕ್ಯಾಶಿನ ಮೇಜಿನ ಹಿಂದೆ ಕುಳಿತೆ. ಆದರೆ ಇಂದಿನ ಸಭೆಯ ಮುಂದಿರುವ ವಿಷಯವನ್ನು ಕೇಳಿದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ನಮ್ಮ ವಾಚನಾಲಯದ ಎರಡು ಬೀರುಗಳನ್ನು ತೆಗೆದು ಆ ಕೋಣೆಯನ್ನು ಬೇರೆ ಉಪಯೋಗಕ್ಕೆ ಬಿಟ್ಟುಕೊಡಬೇಕು ಎಂಬ ಸೂಚನೆ ಬಂದಿದೆ. ಸೂಚಿಸಿದವರ ಕಾರಣ ಸುಳ್ಳಲ್ಲ. ಕಳೆದ ವರ್ಷ ಇಲ್ಲಿಂದ ಪುಸ್ತಕ ಒಯ್ದವರು ನಾಲ್ಕೇ ಮಂದಿ. ಆ ನಾಲ್ವರಲ್ಲಿ ನಾನೊಬ್ಬ. "ನೀವು ನಾಲ್ವರು ಇಷ್ಟೊಂದು ಓದಿದ್ದರಿಂದ ಸಂಘಕ್ಕೆ ಬಂದದ್ದೇನು?" ಎಂದು ಹೋದ ಸಭೆಯಲ್ಲಿ ಒಬ್ಬ ತರುಣ ಮಿತ್ರರು ಕೇಳಿದರು. ಆ ದಿನ ನನಗೆ ಸಿಟ್ಟು ಬಂತು. ಮನೆಗೆ ಹೋಗಿ ಮಲಗಿದ ಮೇಲೆ, ಪ್ರಶ್ನೆ ನ್ಯಾಯವಾದದ್ದೇ ಎನ್ನಿಸಿತು. ಆ ಪ್ರಶ್ನೆಗೆ ತಿಳಿದಮಟ್ಟಿಗೆ ಉತ್ತರ ಹೇಳುವುದಷ್ಟೇ ಈ ಹೊತ್ತು ನನ್ನ ಕೆಲಸ. ಅದರಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದೂ ಸೇರಿದೆ.

ಓದಿನ ವಿಷಯದಲ್ಲಿ ನಮ್ಮ ಹಿರಿಯರು ಒಂದೇ ಮಾತನ್ನು ಹೇಳಿ ಬಿಟ್ಟವರಲ್ಲ. "ದೇಶ ಸುತ್ತು, ಕೋಶ ಓದು" ಎಂದವರೂ ಅವರೇ, "ಓದಿ ಓದಿ ಮರುಳಾದ ಕೂಚಂಭಟ್ಟ" ಎಂದು ನಕ್ಕವರೂ ಅವರೇ. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂದು ಲೆಕ್ಕವನ್ನೂ ಹಾಕಿಟ್ಟಿದ್ದಾರೆ. ದೇಶ ಸುತ್ತುವ ಕೆಲಸವನ್ನು ಹೊಟ್ಟೆಪಾಡು ನಮ್ಮಿಂದ ಮಾಡಿಸಿದೆ. ಕೋಶ ಓದುವುದು ಮಾತ್ರ ನಮ್ಮ ನಮ್ಮ ಇಷ್ಟಕ್ಕೆ ಬಿಟ್ಟದ್ದು. ಹಾಗಾದರೆ ಎಷ್ಟು ಓದಬೇಕು? ಹೆಚ್ಚು ಓದಿದಷ್ಟೂ ಒಳ್ಳೆಯದೆ?

ಮೊದಲು ಲಾಭದ ಬದಿಯನ್ನು ನೋಡೋಣ.

ನಾನು ಬಂದ ಹೊಸತರಲ್ಲಿ ಹೋಟೆಲಿನ ಅಟ್ಟದ ಮೇಲೆ ಹದಿನಾಲ್ಕು ಜನ ಮಲಗುತ್ತಿದ್ದೆವು. ಕೆಳಗೆ ಬಂಗಾಳಿ, ಬೀದಿಯಲ್ಲಿ ಬಂಗಾಳಿ ಮತ್ತು ಹಿಂದಿ, ಗಲ್ಲಾಪೆಟ್ಟಿಗೆಯ ಬಳಿ ಅರೆಬರೆ ಇಂಗ್ಲಿಷು. ಊರಿನಿಂದ ಬರುವವರು ಯಾರಾದರೂ ತಂದುಕೊಟ್ಟ ಕನ್ನಡ ಪುಸ್ತಕವೊಂದು ಕೈಗೆ ಸಿಕ್ಕಿದರೆ ಅದೇ ನಮ್ಮ ಮನೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಯಿಂದ ಹಿಡಿದು ಅ.ನ.ಕೃ., ತ್ರಿವೇಣಿ, ಕಾರಂತರವರೆಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅಂದು ಆ ಪುಸ್ತಕಗಳು ಇಲ್ಲದೆ ಹೋಗಿದ್ದರೆ ನಾನು ಈ ಹೊತ್ತು ನಿಮ್ಮ ಮುಂದೆ ಈ ಭಾಷೆಯಲ್ಲಿ ನಿಂತು ಮಾತನಾಡುತ್ತಿರಲಿಲ್ಲ. ಒಂಟಿತನ ಹಲವರನ್ನು ಆ ದಿನಗಳಲ್ಲಿ ಬೇರೆ ಬೇರೆ ಅಂಗಡಿಗಳ ಕಡೆಗೆ ಎಳೆಯಿತು. ನನ್ನನ್ನು ಪುಸ್ತಕ ಅಟ್ಟದ ಮೇಲೆಯೇ ಉಳಿಸಿತು. ಇದು ಸಣ್ಣ ಲಾಭವಲ್ಲ.

ಎರಡನೆಯ ಲಾಭವೆಂದರೆ, ಬಹಳ ಪುಸ್ತಕ ಓದಿದವನಿಗೆ ಒಂದು ಪುಸ್ತಕದ ತಪ್ಪನ್ನು ಇನ್ನೊಂದು ತಿದ್ದಿ ಹೇಳುತ್ತದೆ. ಒಂದೇ ಪುಸ್ತಕ ಓದಿದವನಿಗೆ ಅದೇ ವೇದ. ನಾಲ್ಕು ಓದಿದವನು, "ಅವರು ಹಾಗೆನ್ನುತ್ತಾರೆ, ಇವರು ಹೀಗೆನ್ನುತ್ತಾರೆ, ನಿಜ ಯಾವುದು?" ಎಂದು ಕೇಳತೊಡಗುತ್ತಾನೆ. ಪೇಟೆಯಲ್ಲಿ ಒಂದೇ ಅಂಗಡಿಯಲ್ಲಿ ದರ ಕೇಳಿ ತೊಗರಿಬೇಳೆ ಕೊಳ್ಳುವವನು ಮೋಸಹೋಗುವಂತೆ ಓದಿನಲ್ಲಿಯೂ ಮೋಸಹೋಗುವುದುಂಟು.

ಮೂರನೆಯದು, ಓದು ಒಂದು ನಾಡನ್ನು ಇನ್ನೊಂದು ನಾಡಿಗೆ ಕೂಡಿಸುತ್ತದೆ. ಇದಕ್ಕೆ ನಮ್ಮವರದೇ ನಿದರ್ಶನವಿದೆ. ಬಿ. ವೆಂಕಟಾಚಾರ್ಯರು (1845–1914) ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿ ಕೆಲಸಕ್ಕಿದ್ದವರು. ಇಲಾಖೆಯ ಕೆಲಸದ ನಡುವೆ ಬಂಗಾಳಿಯನ್ನು ಕಲಿತರು. ಈಶ್ವರಚಂದ್ರ ವಿದ್ಯಾಸಾಗರರ 'ಭ್ರಾಂತಿವಿಲಾಸ'ವನ್ನು ಕನ್ನಡಕ್ಕೆ ತಂದರು. ಬಂಕಿಮಚಂದ್ರರ 'ದುರ್ಗೇಶನಂದಿನಿ', 'ಆನಂದಮಠ' ಮೊದಲಾದ ಕಾದಂಬರಿಗಳನ್ನು ತಂದರು. ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದವರಲ್ಲಿ ಅವರು ಮೊದಲಿಗರು. ಮೈಸೂರು ಸೀಮೆಯಲ್ಲಿ ಇದ್ದುಕೊಂಡು ಅವರು ಬಂಗಾಳಿಯನ್ನು ಓದಿದರು. ನಾವು ಬಂಗಾಳದ ನಡುಮಧ್ಯದಲ್ಲಿ ನಲವತ್ತು ವರ್ಷ ಕಳೆದು ಬಸ್ಸಿನ ಬೋರ್ಡು ಓದಲು ಪಕ್ಕದವನನ್ನು ಕೇಳುತ್ತೇವೆ. ಇದನ್ನು ನಿಮಗೆ ಹೇಳುವಾಗ ಮೊದಲು ನನಗೇ ಹೇಳಿಕೊಳ್ಳುತ್ತಿದ್ದೇನೆ.

ಅದೇ ವಿದ್ಯಾಸಾಗರರ ಮಾತನ್ನು ಇನ್ನೂ ಸ್ವಲ್ಪ ಮುಂದುವರಿಸುತ್ತೇನೆ. ಅವರು 1820ರಲ್ಲಿ ಬೀರಸಿಂಹ ಎಂಬ ಹಳ್ಳಿಯಲ್ಲಿ ಬಡವರ ಮನೆಯಲ್ಲಿ ಹುಟ್ಟಿದವರು. ತಂದೆಯ ಜೊತೆಯಲ್ಲಿ ನಡೆದುಕೊಂಡು ಕಲ್ಕತ್ತೆಗೆ ಬರುವಾಗ ದಾರಿಯ ಮೈಲುಗಲ್ಲುಗಳನ್ನು ನೋಡಿಯೇ ಇಂಗ್ಲಿಷ್ ಅಂಕಿಗಳನ್ನು ಕಲಿತರೆಂಬ ಕಥೆ ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ಮುಂದೆ ಅವರು ಶಾಸ್ತ್ರಗ್ರಂಥಗಳನ್ನು ರಾಶಿರಾಶಿಯಾಗಿ ಓದಿದರು. ಯಾಕೆ? ಗಂಡ ಸತ್ತ ಎಳೆಯ ಹುಡುಗಿಯರ ಪಾಡು ಅವರಿಗೆ ನೋಡಲಾಗಲಿಲ್ಲ. "ಶಾಸ್ತ್ರದಲ್ಲಿ ಎಲ್ಲಿದೆ ತೋರಿಸು" ಎಂದವರಿಗೆ ಶಾಸ್ತ್ರದಿಂದಲೇ ಉತ್ತರ ಕೊಡಬೇಕಾಗಿತ್ತು. ಪರಾಶರಸ್ಮೃತಿಯಲ್ಲಿ ಆಧಾರ ದೊರೆಯಿತು. 1855ರಲ್ಲಿ ಅದನ್ನು ಪುಸ್ತಿಕೆಯಾಗಿ ಬರೆದು ಪ್ರಕಟಿಸಿದರು. 1856ರಲ್ಲಿ ವಿಧವಾವಿವಾಹದ ಕಾಯಿದೆ ಬಂತು. ಅದೇ 1855ರಲ್ಲಿ ಮಕ್ಕಳಿಗಾಗಿ 'ವರ್ಣಪರಿಚಯ'ವೆಂಬ ಅಕ್ಷರದ ಪುಸ್ತಕವನ್ನೂ ಬರೆದರು. ಇಂದಿಗೂ ಕಾಲೇಜ್ ಸ್ಟ್ರೀಟಿನ ಅಂಗಡಿಗಳಲ್ಲಿ ಅದು ಸಿಗುತ್ತದೆ. ಒಂದು ದೊಡ್ಡ ಗ್ರಂಥಭಂಡಾರವನ್ನೇ ಓದಿದವರು ಕಡೆಗೆ ಅ ಆ ಇ ಈ ಬರೆದು ಕೊಟ್ಟರು. ಬಹಳ ಓದಿದ್ದರ ಲಾಭವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ನನ್ನಿಂದಾಗದು.

ಇನ್ನು ನಮ್ಮ ನಾಡಿನ ಒಬ್ಬ ದುಡಿಮೆಗಾರರ ಮಾತು. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಅಂಕೇಗೌಡರ 'ಪುಸ್ತಕ ಮನೆ' ಇದೆ. ಅವರು ಬಸ್ ಕಂಡಕ್ಟರಾಗಿದ್ದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಸಂಬಳದ ದೊಡ್ಡ ಪಾಲನ್ನು ಪುಸ್ತಕಕ್ಕೆ ಹಾಕುತ್ತ ಬಂದು ಲಕ್ಷಗಟ್ಟಲೆ ಪುಸ್ತಕ ಕೂಡಿಸಿದರು. ಕೂಡಿಸಿ ಬೀಗ ಹಾಕಲಿಲ್ಲ, ಬಂದವರಿಗೆಲ್ಲ ತೆರೆದಿಟ್ಟರು. ಪುಸ್ತಕ ಎಂಬುದು ಪಂಡಿತರ ಸ್ವತ್ತು, ನಮಗೆ ಅದು ಯಾಕೆ ಎನ್ನುವವರು ಈ ಕಂಡಕ್ಟರನ್ನು ನೆನೆಯಬೇಕು.

ಇಷ್ಟು ಲಾಭ. ಈಗ ಲೆಕ್ಕದ ಪುಸ್ತಕದ ಇನ್ನೊಂದು ಪುಟವನ್ನು ತಿರುವೋಣ.

ನಾವಿರುವ ಊರು ಪುಸ್ತಕದ ಊರು. ಅಲೀಪುರದ ಬೆಲ್ವೆಡಿಯರ್‌ನಲ್ಲಿರುವ ರಾಷ್ಟ್ರೀಯ ಗ್ರಂಥಾಲಯವನ್ನು 1953ರ ಫೆಬ್ರವರಿ 1ರಂದು ಮೌಲಾನಾ ಆಜಾದರು ಸಾರ್ವಜನಿಕರಿಗೆ ತೆರೆದುಕೊಟ್ಟರು. ಅದರ ಮೊದಲ ರಾಷ್ಟ್ರೀಯ ಗ್ರಂಥಪಾಲಕರಾದ ಬಿ.ಎಸ್. ಕೇಶವನ್ನರು ಅದಕ್ಕೆ ಮೊದಲು ಮೈಸೂರಿನಲ್ಲಿ ಅಧ್ಯಾಪಕರಾಗಿದ್ದವರು. 1954ರ ಕಾಯಿದೆಯ ಪ್ರಕಾರ ಭಾರತದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ತಮ್ಮ ಖರ್ಚಿನಲ್ಲಿ, ಮೂವತ್ತು ದಿನದೊಳಗೆ, ಇಲ್ಲಿಗೆ ಕಳಿಸಬೇಕು. ಎಲ್ಲರೂ ಕಳಿಸುತ್ತಾರೆಂದಲ್ಲ. ಆದರೂ ಧಾರವಾಡದಲ್ಲಿ, ಮಂಗಳೂರಿನಲ್ಲಿ, ಮೈಸೂರಿನಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ನಮ್ಮ ಹಾಗೆಯೇ ರೈಲು ಹತ್ತಿ ಕಲ್ಕತ್ತೆಗೆ ಬಂದು ಇಲ್ಲಿ ನೆಲೆಸಿವೆ. ಕನ್ನಡಕ್ಕೆಂದೇ ಅಲ್ಲಿ ಒಂದು ವಿಭಾಗವಿದೆ. ನಮ್ಮಲ್ಲಿ ಎಷ್ಟು ಮಂದಿ ಅಲ್ಲಿಗೆ ಹೋಗಿದ್ದೇವೆ ಎಂದು ಕೈ ಎತ್ತಿಸಿ ನಾಚಿಕೆಪಡಿಸಲಾರೆ.

ಮೊದಲ ಸಲ ಅಲ್ಲಿಗೆ ಹೋದ ದಿನ ಆ ರಾಶಿಯನ್ನು ಕಂಡು ನಾನು ಒಂದು ಲೆಕ್ಕ ಹಾಕಿದೆ. ಇಂದು ಅಲ್ಲಿರುವುದು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪುಸ್ತಕ. ಒಬ್ಬನು ಬೇರೆ ಕೆಲಸವೇ ಇಲ್ಲದೆ ದಿನಕ್ಕೊಂದರಂತೆ ಅರವತ್ತು ವರ್ಷ ಓದಿದನೆನ್ನಿ. ಅಷ್ಟಾದರೂ 21,900 ಪುಸ್ತಕವಾಯಿತು. ನೂರರಲ್ಲಿ ಒಂದು ಪಾಲು! "ನಾನು ಬಹಳ ಓದಿದವನು" ಎಂದು ಎದೆ ತಟ್ಟಿಕೊಳ್ಳುವವನು ಓದದೆ ಉಳಿಸಿದ್ದು ನೂರಕ್ಕೆ ತೊಂಬತ್ತೊಂಬತ್ತು. ಆದ್ದರಿಂದ ಎಣಿಕೆಯಲ್ಲಿ ಹೆಮ್ಮೆಪಡುವಂಥದ್ದು ಏನೂ ಇಲ್ಲ.

ಈ ಗ್ರಂಥಾಲಯವು ಇಂಪೀರಿಯಲ್ ಲೈಬ್ರರಿ ಎನಿಸಿಕೊಂಡಿದ್ದ ಕಾಲದಲ್ಲಿ ಹರಿನಾಥ ದೇ ಎಂಬವರು ಅದರ ಗ್ರಂಥಪಾಲಕರಾಗಿದ್ದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರೇ. ಮೂವತ್ತನಾಲ್ಕು ಭಾಷೆ ಬಲ್ಲವರೆಂದು ಅವರ ಖ್ಯಾತಿ. 1911ರಲ್ಲಿ ತೀರಿಕೊಂಡಾಗ ಅವರಿಗೆ ವಯಸ್ಸೂ ಮೂವತ್ತನಾಲ್ಕೇ. ಅವರು ಮಾಡಿದ ಅನುವಾದಗಳೂ ಸಂಪಾದಿಸಿದ ಗ್ರಂಥಗಳೂ ಇವೆ; ಆದರೆ ಕೈಗೆತ್ತಿಕೊಂಡ ಎಷ್ಟೋ ಕೆಲಸ ಅರ್ಧಕ್ಕೆ ನಿಂತಿತು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಸಾವು ಹೇಳಿ ಬರುವುದಿಲ್ಲ. ಆದರೆ ಅವರ ಕಥೆ ಕೇಳಿದಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಅಷ್ಟು ದೊಡ್ಡವರ ಓದಿನಲ್ಲಿಯೇ ಇತರರ ಕೈಗೆ ಮುಟ್ಟಿದ್ದು ಕಡಿಮೆ, ತಲೆಯೊಳಗೇ ಉಳಿದು ಅವರೊಂದಿಗೆ ಹೋದದ್ದು ಹೆಚ್ಚು ಎಂದ ಮೇಲೆ ನಮ್ಮಂಥವರು ನಾಳೆ ಹಂಚೋಣ, ನಾಡಿದ್ದು ಹಂಚೋಣ ಎಂದು ಕೂಡಿಡುವುದು ಎಂಥ ಜಾಣತನ?

ರವೀಂದ್ರನಾಥ ಠಾಕೂರರು 1918ರಲ್ಲಿ ಒಂದು ಗಿಳಿಯ ಕಥೆ ಬರೆದರು. ಹಾಡಿಕೊಂಡು ಹಾರಾಡಿಕೊಂಡಿದ್ದ ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜನ ಅಪ್ಪಣೆಯಾಗುತ್ತದೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕದ ಬೆಟ್ಟ ಬೆಳೆಯುತ್ತದೆ. ಎಲ್ಲರಿಗೂ ಸಂಬಳ, ಬಹುಮಾನ. ಗಿಳಿಯ ಗಂಟಲಿಗೆ ಹಾಳೆಗಳನ್ನು ತುರುಕುತ್ತಾರೆ. ಕಡೆಗೊಂದು ದಿನ ಗಿಳಿ ಸತ್ತಿರುತ್ತದೆ. ರಾಜನು ಮುಟ್ಟಿ ನೋಡಿದರೆ ಹೊಟ್ಟೆಯೊಳಗಿನ ಕಾಗದ ಸರಸರ ಎನ್ನುತ್ತದೆ. ಠಾಕೂರರು ಬರೆದದ್ದು ಶಾಲೆಯ ವಿದ್ಯೆಯನ್ನು ಕುರಿತು. ಆದರೆ ಆ ಗಿಳಿಗೆ ಹಾಳೆ ತಿನ್ನಿಸಿದವರು ಬೇರೆಯವರು. ನನಗೆ ತಿನ್ನಿಸಿದವನು ನಾನೇ.

ಅದನ್ನೇ ಈಗ ಹೇಳುತ್ತೇನೆ.

ಅಟ್ಟದ ಮೇಲೆ ನಾನೊಂದು ನೋಟುಪುಸ್ತಕ ಇಟ್ಟಿದ್ದೆ. ಓದಿ ಮುಗಿಸಿದ ಪುಸ್ತಕದ ಹೆಸರು, ನಂಬರು, ತಾರೀಕು ಬರೆಯುವುದು. ಆರು ವರ್ಷದಲ್ಲಿ ನಂಬರು 400 ದಾಟಿತು. ಮುಗಿಸುವ ಆತುರ ಎಷ್ಟಾಯಿತೆಂದರೆ, ಒಂದು ಪುಸ್ತಕದ ಕಡೆಯ ಪುಟದಲ್ಲಿರುವಾಗಲೇ ಮುಂದಿನದರ ಮೇಲೆ ಕಣ್ಣು. ಅರ್ಧ ರಾತ್ರಿಯವರೆಗೆ ಓದಿ, ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಗಿರಾಕಿಯ ಮಡಿಲಿಗೆ ಸಾಂಬಾರು ಬಡಿಸಿ ಬೈಗಳು ತಿಂದೆ. ನಾವೆಲ್ಲ ಅಡುಗೆಮನೆಯ ಜನ. ಅಕ್ಕಿ ಉದ್ದು ರುಬ್ಬಿದ ತಕ್ಷಣ ಇಡ್ಲಿ ಹೊಯ್ದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಹಿಟ್ಟು ರಾತ್ರಿಯೆಲ್ಲ ಸುಮ್ಮನೆ ಕುಳಿತು ಹುಳಿಯಬೇಕು, ಉಬ್ಬಬೇಕು. ನಾನು ರುಬ್ಬುತ್ತಲೇ ಇದ್ದೆ; ಹುಳಿಯಲು ಬಿಡಲೇ ಇಲ್ಲ.

ನಮ್ಮಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕಿದ್ದವರು ಹೊನ್ನಾವರದ ಕಡೆಯ ಒಬ್ಬರು. ನನಗಿಂತ ಹದಿನೈದು ವರ್ಷ ಹಿರಿಯರು. ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ಶಾಲೆಯ ಮೆಟ್ಟಲು ಹತ್ತಿದವರಲ್ಲ. ಊರಿನಿಂದ ಬಂದ ಕಾಗದವನ್ನು ನಾನು ಓದಿ ಹೇಳುವುದು, ಅವರು ಹೇಳಿದ್ದನ್ನು ನಾನು ಬರೆಯುವುದು, ಹೀಗೆ ನಡೆದಿತ್ತು. 1983ರ ಮಳೆಗಾಲ. ಒಂದು ರಾತ್ರಿ ಅವರು ಇನ್‌ಲ್ಯಾಂಡ್ ಕಾಗದವೊಂದನ್ನು ನನ್ನ ಕೈಗೆ ಕೊಟ್ಟರು. ನಾನು ಕಾದಂಬರಿಯ ಕಡೆಯ ಅಧ್ಯಾಯದಲ್ಲಿದ್ದೆ. "ಇದೊಂದು ಮುಗಿಸಿ ಓದ್ತೇನೆ ಅಣ್ಣ" ಎಂದು ಕಾಗದವನ್ನು ಅದೇ ಪುಸ್ತಕದ ನಡುವೆ ಇಟ್ಟೆ. ಅವರು ಕಾದು ಕಾದು ಮಲಗಿದರು. ಬೆಳಗಿನ ಮೂರಕ್ಕೆ ಏಳಬೇಕಾದ ಮನುಷ್ಯ. ನಾನು ಕಾದಂಬರಿ ಮುಗಿಸಿ, ನೋಟುಪುಸ್ತಕದಲ್ಲಿ ನಂಬರು ಬರೆದು, ಪುಸ್ತಕವನ್ನು ಪೆಟ್ಟಿಗೆಗೆ ಹಾಕಿದೆ. ಮಾರನೆಯ ದಿನ ಅವರು ಒಮ್ಮೆ ಕೇಳಿದರು, "ನಾಳೆ" ಎಂದೆ. ಆಮೇಲೆ ಸಂಕೋಚದಿಂದ ಕೇಳಲಿಲ್ಲ. ಹನ್ನೊಂದನೆಯ ದಿನ ಯಾರೋ ಆ ಕಾದಂಬರಿ ಕೇಳಿದರು. ತೆರೆದಾಗ ಕಾಗದ ಕೆಳಗೆ ಬಿತ್ತು.

ತಾಯಿ ಹಾಸಿಗೆ ಹಿಡಿದಿದ್ದಾಳೆ, ಒಮ್ಮೆ ಬಂದು ಮುಖ ತೋರಿಸು ಎಂದು ಅದರಲ್ಲಿ ಇತ್ತು.

ಆ ಸಂಜೆಯ ರೈಲಿಗೇ ಹೊರಟರು. ಕೊಂಕಣ ರೈಲು ಇಲ್ಲದ ಕಾಲ; ಮದರಾಸು, ಮಂಗಳೂರು ಸುತ್ತಿ ಊರು ಮುಟ್ಟುವಾಗ ತಾಯಿ ಹೋಗಿ ಐದು ದಿನವಾಗಿತ್ತು. ಉತ್ತರಕ್ರಿಯೆ ಮುಗಿಸಿ ತಿರುಗಿ ಬಂದರು. ನನಗೆ ಒಂದು ಬೈಗಳ ಮಾತು ಆಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಂದು ರಾತ್ರಿ ನನ್ನ ಚಾಪೆಯ ಹತ್ತಿರ ಬಂದು ಕುಳಿತು, "ನಂಗೆ ಅಕ್ಷರ ಕಲಿಸು ಮಾರಾಯ. ಇನ್ನು ನನ್ನ ಕಾಗದ ನಾನೇ ಓದಿಕೊಳ್ತೇನೆ" ಎಂದರು.

ನಾಲ್ಕುನೂರು ಪುಸ್ತಕ ಓದಿದವನು ಒಂದು ಕಾಗದ ಓದಲಿಲ್ಲ. ಬಹಳ ಓದುವುದರ ನಷ್ಟ ಏನೆಂದು ಯಾರಾದರೂ ಕೇಳಿದರೆ ನಾನು ಕಣ್ಣುನೋವು, ನಿದ್ದೆಗೇಡು, ಖರ್ಚು ಇವುಗಳನ್ನು ಆಮೇಲೆ ಹೇಳುತ್ತೇನೆ; ಮೊದಲು ಇದನ್ನು ಹೇಳುತ್ತೇನೆ. ಕಥೆಯೊಳಗಿನ ತಾಯಿಗಾಗಿ ಅತ್ತವನಿಗೆ ಪಕ್ಕದ ಚಾಪೆಯವನ ತಾಯಿ ಕಾಣಿಸಲಿಲ್ಲ.

ಅಕ್ಷರ ಕಲಿಸಿದೆ. ಎಂಟು ತಿಂಗಳು ಹಿಡಿಯಿತು. ರುಬ್ಬಿ ರುಬ್ಬಿ ದಪ್ಪವಾದ ಬೆರಳು ಬಳಪದ ಮೇಲೆ ಕೂರುತ್ತಿರಲಿಲ್ಲ. ಕಡೆಗೆ ಕಾಗದ ಓದಲು ಬಂತು, ಬರೆಯಲೂ ಬಂತು. ಕಾದಂಬರಿಯ ರುಚಿ ಮಾತ್ರ ಅವರಿಗೆ ಹತ್ತಲಿಲ್ಲ.

1989ರಲ್ಲಿ ಮಂಗಳೂರಿನ ಕಡೆಯಿಂದ ಯಾರೋ ಕಾರ್ಮಿಕ ಕಾನೂನುಗಳ ಮೇಲೊಂದು ಸಣ್ಣ ಕನ್ನಡ ಪುಸ್ತಿಕೆ ತಂದಿದ್ದರು. ನಾನು ಅದನ್ನು ಒಂದು ತಾಸಿನಲ್ಲಿ ಓದಿ, ನಂಬರು ಹಾಕಿ, ಬದಿಗಿಟ್ಟೆ. ಅಣ್ಣ ಅದನ್ನು ಎತ್ತಿಕೊಂಡರು. ದಿನಕ್ಕೊಂದು ಪುಟ, ಬೆರಳಿಟ್ಟು, ತುಟಿ ಅಲ್ಲಾಡಿಸಿಕೊಂಡು. ಮೂರು ವಾರವಾದ ಮೇಲೆ ನನ್ನನ್ನು ಕರೆದರು.

"ತಮ್ಮಾ, ಇದರಲ್ಲಿ ಹತ್ತು ಜನ ಕೆಲಸಕ್ಕಿದ್ದರೆ ಅಂತ ಉಂಟು. ನಾವು ಹದಿನಾಲ್ಕು ಜನ ಅಲ್ವಾ?"

"ಹೌದು."

"ಐದು ವರ್ಷ ಮಾಡಿದವನಿಗೆ ಅಂತ ಉಂಟು. ನಮ್ಮ ದೊಡ್ಡ ಸಪ್ಲಾಯರಿಗೆ ಇಪ್ಪತ್ತೆರಡು ಆಯ್ತಲ್ಲ? ಬರುವ ತಿಂಗಳು ಊರಿಗೆ ಹೋಗ್ತಾರೆ. ಅವರಿಗೆ ಇದು ಸಿಗಬೇಕಲ್ವಾ?"

ಅದು ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಯಿಟಿ ಕಾಯಿದೆಯ ಮಾತು. ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳೆಂದರೆ ಇಪ್ಪತ್ತಾರು ದಿನವೆಂದು ಲೆಕ್ಕ. ಇಬ್ಬರೂ ಕುಳಿತು ಗುಣಿಸಿದೆವು. ಆ ಹಿರಿಯರ ಸಂಬಳ ತಿಂಗಳಿಗೆ 650 ರೂಪಾಯಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 375. ಇಪ್ಪತ್ತೆರಡು ವರ್ಷಕ್ಕೆ 8,250 ರೂಪಾಯಿ. ಒಂದು ಶಾಲು, ಒಂದು ತೆಂಗಿನಕಾಯಿ, ಐನೂರು ರೂಪಾಯಿ ಕೊಟ್ಟು ಕಳಿಸುವುದು ನಮ್ಮಲ್ಲಿದ್ದ ಪದ್ಧತಿ. ಯಜಮಾನರು ಮೊದಲು, "ಇದೆಲ್ಲ ಕಾರ್ಖಾನೆಯವರಿಗೆ, ಹೋಟೆಲಿಗಲ್ಲ" ಎಂದರು. ಅಣ್ಣ ವಾದ ಮಾಡಲಿಲ್ಲ. ಪುಸ್ತಿಕೆ ತೆರೆದು ಬೆರಳಿಟ್ಟು ಆ ಸಾಲನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದರು. ಯಜಮಾನರು ಕೆಟ್ಟವರಲ್ಲ, ತಿಳಿಯದವರು. ಲೆಕ್ಕಿಗರನ್ನು ಕೇಳಿ, ಎರಡು ಕಂತಿನಲ್ಲಿ ಪೂರ್ತಿ ಹಣ ಕೊಟ್ಟರು. ಆ ಮೇಲೆ ಆ ಹೋಟೆಲಿನಿಂದ ಹೊರಟವರು ಯಾರೂ ಬರಿಗೈಯಲ್ಲಿ ಹೋಗಲಿಲ್ಲ.

ಆ ರಾತ್ರಿ ನಾನು ನನ್ನ ನೋಟುಪುಸ್ತಕ ತೆಗೆದು ನೋಡಿದೆ. ಆ ಪುಸ್ತಿಕೆಯ ನಂಬರು, ತಾರೀಕು ಎಲ್ಲ ಇತ್ತು. ನಾನೂ ಓದಿದ್ದೆ! ಆದರೆ ಹತ್ತು ಎಂಬಲ್ಲಿ ನಮ್ಮ ಹದಿನಾಲ್ಕು ಜನ ನನಗೆ ಕಾಣಲಿಲ್ಲ. ಐದು ವರ್ಷ ಎಂಬಲ್ಲಿ ಎದುರಿಗೆ ಓಡಾಡುತ್ತಿದ್ದ ಮುದುಕರು ಕಾಣಲಿಲ್ಲ. ಅಂದಿನಿಂದ ನಂಬರು ಹಾಕುವುದನ್ನು ಬಿಟ್ಟೆ.

ಇಷ್ಟು ಕೇಳಿ, "ಹಾಗಾದರೆ ಒಂದೇ ಪುಸ್ತಕ ಸಾಕು, ಬೀರುಗಳನ್ನು ಮಾರಿಬಿಡೋಣ" ಎಂದು ನೀವು ನಿರ್ಧರಿಸಿದರೆ ಅದೂ ತಪ್ಪೇ. ಅಣ್ಣ ಈಗಿಲ್ಲ. ಊರಿಗೆ ಹೊರಟಾಗ ಆ ಪುಸ್ತಿಕೆಯನ್ನು ನಮ್ಮ ಸಂಘಕ್ಕೆ ಕೊಟ್ಟು ಹೋದರು. ಎರಡನೆಯ ಬೀರುವಿನಲ್ಲಿದೆ, ಪುಟದ ಮೂಲೆಗಳಲ್ಲಿ ಉದ್ದಿನ ಹಿಟ್ಟಿನ ಕಲೆ ಇನ್ನೂ ಇದೆ. ಆದರೆ ಅದರಲ್ಲಿರುವ ಕಾಯಿದೆ ಇಂದು ಹಳತಾಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಗ್ರಾಚ್ಯುಯಿಟಿಯ ನಿಯಮಗಳು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಗೊತ್ತುಪಡಿಸಿದ ಅವಧಿಗೆ ಕರಾರಿನ ಮೇಲೆ ದುಡಿಯುವವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಯಿಟಿಯ ಹಕ್ಕು ಬಂದಿದೆ. ಈ ಕೋಣೆಯಲ್ಲಿ ಅಂಥ ಕರಾರಿನಲ್ಲಿ ದುಡಿಯುವ ತರುಣರು ಇದ್ದಾರೆ. ಅವರಲ್ಲಿ ಎಷ್ಟು ಜನರಿಗೆ ಇದು ಗೊತ್ತು? ಅಣ್ಣನ ಒಂದೇ ಪುಸ್ತಿಕೆಯನ್ನು ಹಿಡಿದುಕೊಂಡು ಈ ಹೊತ್ತು ಯಜಮಾನರ ಮುಂದೆ ಹೋದರೆ ನಗೆಗೀಡಾಗುತ್ತೇವೆ. ಒಂದನ್ನೇ ಓದಿದವನೂ ಕೆಡುತ್ತಾನೆ. ಲೋಕ ಅವನಿಗಾಗಿ ನಿಲ್ಲುವುದಿಲ್ಲ.

ಇಂದಿನ ತರುಣರು ಓದುವುದಿಲ್ಲ ಎಂದು ನಾನು ದೂರಲಾರೆ. ಅವರು ಮೊಬೈಲಿನಲ್ಲಿ ದಿನಕ್ಕೆ ನೂರಾರು ತುಣುಕು ಓದುತ್ತಾರೆ. ಒಂದು ಮುಗಿಯುವ ಮೊದಲೇ ಇನ್ನೊಂದು. ಅದನ್ನು ನೋಡುವಾಗ ನನಗೆ ನನ್ನ ನೋಟುಪುಸ್ತಕದ ನೆನಪಾಗುತ್ತದೆ. ಅದೇ ಕಾಯಿಲೆ, ಹಾಳೆಯ ಬದಲು ಗಾಜು ಬಂದಿದೆ, ಅಷ್ಟೇ.

ಆದ್ದರಿಂದ, ಅಧ್ಯಕ್ಷರೆ, ನಮ್ಮ ತರುಣ ಮಿತ್ರರ ಪ್ರಶ್ನೆಗೆ ನನ್ನ ಉತ್ತರ ಹೀಗೆ. ನಾವು ನಾಲ್ವರು ಓದಿದ್ದರಿಂದ ಸಂಘಕ್ಕೆ ಏನೂ ಬರಲಿಲ್ಲ, ನಿಜ. ತಪ್ಪು ಓದಿನದಲ್ಲ. ಓದಿದ್ದನ್ನು ನಾವು ಪೆಟ್ಟಿಗೆಯೊಳಗೆ ಇಟ್ಟುಕೊಂಡೆವು. ಬಹಳ ಓದಿರಿ, ಆದರೆ ಓದಿದ್ದಕ್ಕೆ ಪಕ್ಕದವನೂ ಹಕ್ಕುದಾರ ಎಂದು ತಿಳಿದು ಓದಿರಿ.

ಬೀರುಗಳನ್ನು ತೆಗೆಯುವ ಸೂಚನೆಗೆ ಬದಲಾಗಿ ನಾನು ಮೂರು ಸಣ್ಣ ಸೂಚನೆಗಳನ್ನು ಸಭೆಯ ಮುಂದೆ ಇಡುತ್ತೇನೆ. ಒಂದು, ಇಲ್ಲಿಂದ ಪುಸ್ತಕ ಒಯ್ದವನು ತಿಂಗಳ ಮೊದಲ ಭಾನುವಾರ ಇಲ್ಲಿಯೇ ಕುಳಿತು, ತಾನು ಓದಿದ್ದನ್ನು ಕಾಲು ಗಂಟೆಯಲ್ಲಿ ಎಲ್ಲರಿಗೆ ತಿಳಿಯುವಂತೆ ಹೇಳಬೇಕು. ಹೇಳಲಾಗದಿದ್ದರೆ ಅದೇ ಪುಸ್ತಕವನ್ನು ಇನ್ನೊಮ್ಮೆ ಒಯ್ಯಲಿ. ಎರಡು, ಹೊಸ ಕಾರ್ಮಿಕ ಸಂಹಿತೆಗಳನ್ನು ತರಿಸಿ, ಓದು ಬಲ್ಲವರು ಬಾರದವರ ಜೊತೆ ಕುಳಿತು, ಅಣ್ಣನ ಹಾಗೆ ದಿನಕ್ಕೊಂದು ಪುಟ, ನಮ್ಮ ನಮ್ಮ ಕೆಲಸದ ಲೆಕ್ಕ ಎದುರಿಗಿಟ್ಟುಕೊಂಡು ಓದಬೇಕು. ಮೂರು, ಒಂದು ರಜೆಯ ದಿನ ನಾವೆಲ್ಲರೂ ಮಕ್ಕಳೊಡನೆ ಬೆಲ್ವೆಡಿಯರ್‌ಗೆ ಹೋಗಿ ಬರಬೇಕು. ನಮ್ಮ ಊರಿನ ಪುಸ್ತಕಗಳು ಅಲ್ಲಿ ಎಷ್ಟೋ ವರ್ಷದಿಂದ ನೆಲೆಸಿವೆ. ನೆಂಟರನ್ನು ನೋಡಿ ಬರುವಂತೆ ನೋಡಿ ಬರೋಣ.

ಒಂದು ವರ್ಷ ಹೀಗೆ ನಡೆಸಿ ನೋಡಿರಿ. ಮುಂದಿನ ವಾರ್ಷಿಕ ಸಭೆಯಲ್ಲಿಯೂ ಪುಸ್ತಕ ಒಯ್ಯುವವರು ನಾಲ್ಕೇ ಮಂದಿ ಇದ್ದರೆ, ಬೀರು ಹೊರಗಿಡಲು ಮೊದಲು ಕೈ ಹಚ್ಚುವವನು ನಾನೇ.

ಕಡೆಯದಾಗಿ ಒಂದು ಅರಿಕೆ. ಇಲ್ಲಿ ಇನ್ನೂ ಅಕ್ಷರ ಬಾರದವರು ಒಬ್ಬಿಬ್ಬರು ಇದ್ದಾರೆಂದು ನಾನು ಬಲ್ಲೆ. ಅವರು ಸಂಕೋಚಪಡಬೇಕಾಗಿಲ್ಲ. ಭಾನುವಾರ ಸಂಜೆ ಐದಕ್ಕೆ ನಾನು ಈ ಕೋಣೆಯಲ್ಲಿ ಇರುತ್ತೇನೆ. ಕಾಗದ ಬಂದಿದ್ದರೆ ತನ್ನಿರಿ. ಕೈಯಲ್ಲಿ ಯಾವ ಪುಸ್ತಕವಿದ್ದರೂ ಕೆಳಗಿಟ್ಟು, ಮೊದಲು ಅದನ್ನು ಓದುತ್ತೇನೆ.